ಹೂ ಕಟ್ಟುವ ಕೈಯ ಅಳತೆ

ಕಳೆದ ಫೆಬ್ರವರಿಯ ಮೂರನೇ ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ ಮಣಿಪಾಲದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನನ್ನ ಅಕ್ಕ ಸುಮತಿಯ ಬಲಗೈಯ ಅಳತೆಯನ್ನು ಎರಡನೇ ಬಾರಿ ತೆಗೆದರು. ಮೊದಲ ಅಳತೆಗೆ ಮಾಡಿಸಿದ ಬಿಗಿ ಸ್ಲೀವ್ ಕೈಯಲ್ಲಿ ನಿಲ್ಲದೆ ಜಾರುತ್ತಿತ್ತು. ಎರಡು ವರ್ಷದ ಹಿಂದೆ ಸ್ತನದ ಗೆಡ್ಡೆಗೆ ಶಸ್ತ್ರಚಿಕಿತ್ಸೆಯಾದಾಗ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ರೋಗ ಹೋಯಿತು, ಆದರೆ ಕೆಲವು ತಿಂಗಳಲ್ಲಿ ಆ ಕಡೆಯ ಕೈ ಊದತೊಡಗಿತು. ಊತವನ್ನು ಹತೋಟಿಯಲ್ಲಿಡಲು ಹಗಲಿಡೀ ಬಿಗಿಯಾದ ಸ್ಲೀವ್ ತೊಡಬೇಕು. ಅಂಗಡಿಯಲ್ಲಿ ಸಿಗುವ ಸಿದ್ಧ ಅಳತೆಗಳು ಅಕ್ಕನ ಕೈಗೆ ಹೊಂದುವುದಿಲ್ಲ, ಅಳೆದೇ ಮಾಡಿಸಬೇಕು. ಅಕ್ಕ ಕಾಪುವಿನಿಂದ ಶಿರ್ವದ ಕಡೆ ಹೋಗುವ ರಸ್ತೆಯ ಪಕ್ಕದ ಮನೆಯಲ್ಲಿ ಮಲ್ಲಿಗೆ ಬೆಳೆದು ಹೂ ಕಟ್ಟಿ ಮಾರುತ್ತಾಳೆ. ಊತ ಹೀಗೆಯೇ ಏರಿದರೆ ಬೆರಳು ಬಗ್ಗುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಅವಳ ಜೊತೆಗೆ ಹೋಗಲೆಂದು ನಾನು ಹಿಂದಿನ ದಿನವೇ ಕಾರ್ಕಳದಿಂದ ಹೊರಟೆ.

ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಪಡುಬಿದ್ರಿ ಬಸ್ಸು ಸಿಕ್ಕಿತು. ಬಿಸಿಲು ಜೋರಿತ್ತು, ಕಿಟಕಿಯ ಸರಳು ಮುಟ್ಟುವ ಹಾಗಿರಲಿಲ್ಲ. ನಿಟ್ಟೆಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಹತ್ತಿದರು, ಎಲ್ಲರ ಕಿವಿಯಲ್ಲೂ ವಯರು. ನಾನು ಈ ರಸ್ತೆಯಲ್ಲಿ ಮೊದಲು ಓಡಾಡಿದಾಗ ನಿಟ್ಟೆಯಲ್ಲಿ ಇಳಿಯುವವರು ಇಬ್ಬರೋ ಮೂವರೋ ಇರುತ್ತಿದ್ದರು. ಬೆಳ್ಮಣ್ಣು ದಾಟಿದ ಮೇಲೆ ಗಾಳಿಯಲ್ಲಿ ಸಮುದ್ರದ ತೇವ ತಿಳಿಯಿತು. ಪಡುಬಿದ್ರಿಯಲ್ಲಿ ಇಳಿದು ಉಡುಪಿ ಕಡೆಯ ಬಸ್ಸು ಹಿಡಿದು, ಕಾಪುವಿನಿಂದ ರಿಕ್ಷಾ ಮಾಡಿಕೊಂಡು ಅಕ್ಕನ ಮನೆ ಮುಟ್ಟುವಾಗ ನಾಲ್ಕು ಗಂಟೆ.

ಅಕ್ಕ ಜಗಲಿಯಲ್ಲಿ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ಎಡಗೈ ನನಗೆ ಗೊತ್ತಿದ್ದ ಅದೇ ಸಣಕಲು ಕೈ. ಬಲಗೈ ಬೇರೆ ಯಾರದ್ದೋ ಎನ್ನುವ ಹಾಗಿತ್ತು, ಮಣಿಕಟ್ಟಿನ ಗಂಟೇ ಕಾಣುತ್ತಿರಲಿಲ್ಲ.

"ಸ್ಲೀವ್ ಎಲ್ಲಿ?" ಎಂದು ಕೇಳಿದೆ. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

"ಕೈಗೆ ಸಾಕ್ಸ್ ಹಾಕಿಸಿದ್ದಾರೆ ಮಾರಾಯ. ಪೆಟ್ಟಿಗೆಯಲ್ಲಿ ಉಂಟು. ಹಾಕಿದರೆ ಹತ್ತು ನಿಮಿಷಕ್ಕೆ ಮೊಣಕೈಯಲ್ಲಿ ಮುದ್ದೆಯಾಗಿ ಕೂತುಕೊಳ್ಳುತ್ತದೆ."

"ನಿನ್ನ ಅಕ್ಕ ಅದನ್ನು ಎರಡು ದಿನ ಹಾಕಿದ್ದು. ಮೂರನೇ ದಿನ ಅದರಲ್ಲಿ ಬಿಸಿ ಪಾತ್ರೆ ಇಳಿಸಿದಳು" ಎಂದರು ಭಾವ. ಅವರು ಮುಂಬಯಿಯ ಹೋಟೆಲ್ ಕೆಲಸ ಮುಗಿಸಿ ಬಂದು ಬಹಳ ವರ್ಷವಾಯಿತು. ಹೂ ಕೊಯ್ಯಲು ಬರುತ್ತದೆ, ಕಟ್ಟಲು ಬರುವುದಿಲ್ಲ.

ಸಂಜೆ ಪಕ್ಕದ ಮನೆಯ ಖತೀಜಮ್ಮ ಬಂದರು. ಮರುದಿನದ ಹೂ ಕಟ್ಟಲು ಅವರು ಒಪ್ಪಿದ್ದರು. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ಹತ್ತು ಗಂಟೆಯ ಒಳಗೆ ಮಲ್ಲಿಗೆ ಕಟ್ಟೆಗೆ ಮುಟ್ಟಿಸಬೇಕು. ಅಲ್ಲಿಂದ ಹೂ ಮಾರಾಟಕ್ಕೆ ಹೋಗುತ್ತದೆ. ತಡವಾದ ಹೂವನ್ನು ಯಾರೂ ಕೇಳುವುದಿಲ್ಲ.

"ಕಟ್ಟಿ ಕೊಡುತ್ತೇನೆ ಸುಮತಿಯಕ್ಕ. ಆದರೆ ಬಂದು ಬೈಯಬಾರದು" ಎಂದರು ಖತೀಜಮ್ಮ.

"ಬಿಗಿ ಕಟ್ಟಿ, ಅಷ್ಟೇ. ಹೋದ ಸಲ ನೀವು ಕಟ್ಟಿದ್ದು ಕಟ್ಟೆಗೆ ಮುಟ್ಟುವಾಗ ಬರೀ ನಾರು ಉಳಿದಿತ್ತಂತೆ."

"ಬಿದ್ದದ್ದು ನಾಲ್ಕು ಮೊಗ್ಗು. ಅದೂ ನಿಮ್ಮ ಯಜಮಾನರು ಸ್ಕೂಟರನ್ನು ಹೊಂಡಕ್ಕೆ ಹಾಕಿದ್ದಕ್ಕೆ."

ಭಾವ ಒಳಗೆ ಹೋದರು.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಉಣ್ಣುವಾಗ ನನ್ನ ಕಣ್ಣು ಅಕ್ಕನ ಬೆರಳಿನ ಮೇಲೆಯೇ ಇತ್ತು. ನಾನು ಒಂದನೇ ತರಗತಿಯಲ್ಲಿದ್ದಾಗ ಈ ಬೆರಳುಗಳ ಎದುರು ಕೂತು ಮೊಗ್ಗು ಎಣಿಸಿ ಕೊಡುವುದು ನನ್ನ ಪಾಲಿಗೆ ಬಂದಿತ್ತು. ಅಮ್ಮ ಒಂದು ಮಣೆ, ಅಕ್ಕ ಒಂದು ಮಣೆ. ನಾಲ್ಕು ನಾಲ್ಕರಂತೆ ನಾನು ಗುಡ್ಡೆ ಹಾಕಬೇಕು. ಅಕ್ಕ ಹೂವಿನ ಕಡೆ ನೋಡುತ್ತಲೇ ಇರಲಿಲ್ಲ. ನನ್ನ ಪಾಠ ಪುಸ್ತಕವನ್ನು ಮಡಿಲಲ್ಲಿಟ್ಟು ಉಕ್ತಲೇಖನ ಹೇಳುತ್ತಿದ್ದಳು, ಬೆರಳು ತನ್ನಷ್ಟಕ್ಕೆ ನಾರು ಸುತ್ತುತ್ತಿತ್ತು. ನಾಲ್ಕರ ಮಗ್ಗಿ ನಾನು ಕಲಿತದ್ದು ಮೊಗ್ಗಿನಲ್ಲಿ.

ಬುಧವಾರ ಆರೂವರೆಗೆ ಹೊರಟೆವು. ಅಂಗಳದ ಗಿಡಗಳಲ್ಲಿ ಮೊಗ್ಗು ಬೆಳ್ಳಗೆ ತುಂಬಿತ್ತು, ಭಾವ ಆಗಲೇ ಬುಟ್ಟಿ ಹಿಡಿದು ನಿಂತಿದ್ದರು. ಅಕ್ಕ ಯಾವುದನ್ನೂ ಮುಟ್ಟದೆ ನಡೆದಳು. ಅಳತೆ ತೆಗೆಯುವ ರಮ್ಯಾ ಈ ಸಲ ಫೋನಿನಲ್ಲೇ ಹೇಳಿದ್ದರು: ಎದ್ದ ಮೇಲೆ ಗುಡಿಸಬೇಡಿ, ಕೊಡ ಎತ್ತಬೇಡಿ, ನೇರ ಬನ್ನಿ.

ಕಾಪು ಪೇಟೆಯಲ್ಲಿ ಖಾಸಗಿ ಎಕ್ಸ್‌ಪ್ರೆಸ್ ನಿಂತಿತ್ತು. ಅಕ್ಕ ಹತ್ತಲಿಲ್ಲ. "ಸರಕಾರಿ ಬಸ್ಸಾದರೆ ನನಗೆ ಟಿಕೆಟ್ ಇಲ್ಲ" ಎಂದಳು.

"ಅದು ಬರುವಷ್ಟರಲ್ಲಿ ಕೈ ಊದುತ್ತದೆ. ಹತ್ತು."

ಕಂಡಕ್ಟರು ಬಾಗಿಲು ಬಡಿದು "ರೈಟ್ ಪೋಯಿ", ಹೋಗುವ, ಎಂದ. ಆ ಕೂಗು ಮಾತ್ರ ನನ್ನ ಬಾಲ್ಯದ್ದೇ. ಆಗೆಲ್ಲ ಬಾಳೆಲೆಯಲ್ಲಿ ಸುತ್ತಿದ ಹೂವಿನ ಕಟ್ಟು ಡ್ರೈವರನ ಎಡಗಡೆ ಇಂಜಿನಿನ ಹತ್ತಿರ ಕೂರುತ್ತಿತ್ತು, ಬಸ್ಸಿಡೀ ಘಮ ಬರುತ್ತಿತ್ತು. ಈಗ ಆ ಜಾಗದಲ್ಲಿ ಕೊರಿಯರ್ ಡಬ್ಬಗಳಿದ್ದವು. ಕಟಪಾಡಿ, ಉದ್ಯಾವರ ದಾಟಿ ಉಡುಪಿಗೆ ಅರ್ಧ ಗಂಟೆ. ಸಿಟಿ ಬಸ್ ನಿಲ್ದಾಣದಿಂದ ಮಣಿಪಾಲಕ್ಕೆ ಐದಾರು ಕಿಲೋಮೀಟರು, ಏರು ದಾರಿ. ಪತ್ರಿಕೆಯ ವರದಿಗೆಂದು ಹಿಂದೆ ಬರುತ್ತಿದ್ದಾಗ ಈ ಏರಿನ ಪಕ್ಕದಲ್ಲಿ ಕೆಂಪು ಮುರಕಲ್ಲಿನ ಬೋಳುಗುಡ್ಡ ಇನ್ನೂ ಕಾಣುತ್ತಿತ್ತು. ಈಗ ಕಟ್ಟಡಗಳ ನಡುವೆ ಹುಡುಕಬೇಕು.

ರಮ್ಯಾ ಅಲೆವೂರಿನವರು, ಮೂವತ್ತರ ಆಸುಪಾಸು. ಮೊದಲು ಹಳೆಯ ಸ್ಲೀವನ್ನೇ ತೊಡಿಸಿದರು. ಬಟ್ಟೆಯನ್ನು ಉಗುರಿನಿಂದ ಎಳೆಯಬಾರದೆಂದು ರಬ್ಬರ್ ಕೈಗವಸು ಹಾಕಿಕೊಂಡು, ಮಣಿಕಟ್ಟಿನಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸವರಿದರು. ಮೊಣಕೈಯ ಕೆಳಗೆ ತಮ್ಮ ಎರಡು ಬೆರಳು ತೂರಿಸಿ ನೋಡಿದರು. ಬೆರಳು ಸಲೀಸಾಗಿ ಹೋಯಿತು.

ಅದನ್ನು ಕಳಚಿ ಕೈಯನ್ನು ಮೇಜಿನ ಮೇಲೆ ಚಾಚಿಸಿದರು. ನೀಲಿ ಪೆನ್ಸಿಲಿನಿಂದ ಮಣಿಕಟ್ಟಿನಿಂದ ಕಂಕುಳಿನವರೆಗೆ ನಾಲ್ಕು ನಾಲ್ಕು ಸೆಂಟಿಮೀಟರಿಗೆ ಗೆರೆ ಎಳೆದು, ಪ್ರತಿ ಗೆರೆಯ ಮೇಲೂ ಟೇಪು ಸುತ್ತಿ, ಸಂಖ್ಯೆಯನ್ನು ಬಾಯಲ್ಲಿ ಹೇಳಿಕೊಂಡು ಬರೆದರು. ಟೇಪು ಚರ್ಮವನ್ನು ಅಮುಕುತ್ತಿರಲಿಲ್ಲ, ಸಡಿಲವಾಗಿಯೂ ಇರಲಿಲ್ಲ. ಆಮೇಲೆ ಹಳೆಯ ಹಾಳೆ ತೆಗೆದು ಪಕ್ಕದಲ್ಲಿಟ್ಟರು.

"ಇಲ್ಲಿ ನೋಡಿ, ಮೊಣಕೈಯ ಕೆಳಗೆ ಎರಡೂವರೆ ಸೆಂಟಿಮೀಟರು ವ್ಯತ್ಯಾಸ ಉಂಟು. ಅವತ್ತು ನೀವು ಬಂದದ್ದು ಮೂರು ಗಂಟೆಗೆ. ಬೆಳಿಗ್ಗೆಯಿಂದ ಕೆಲಸ ಮಾಡಿದ್ದೀರಾ ಅಂತ ಕೇಳಿದ್ದೆ. ಇಲ್ಲ ಅಂತ ಹೇಳಿದ್ದೀರಿ."

"ಕೆಲಸ ಎಂತದ್ದೂ ಮಾಡಿರಲಿಲ್ಲ" ಎಂದಳು ಅಕ್ಕ, ಆಸ್ಪತ್ರೆಗಳಲ್ಲಿ ಆಡುವ ಜೋಪಾನದ ಕನ್ನಡದಲ್ಲಿ.

ರಮ್ಯಾ ಪೆನ್ನು ಕೆಳಗಿಟ್ಟು ತುಳುವಿನಲ್ಲಿ ಕೇಳಿದರು: "ಕಾಂಡೆ ಲಕ್ಕ್‌ದ್ ದಾದ ಮಲ್ತರ್?" ಬೆಳಿಗ್ಗೆ ಎದ್ದು ಏನು ಮಾಡಿದಿರಿ ಎಂಬಷ್ಟೇ ಪ್ರಶ್ನೆ.

ಅಕ್ಕ ಅವತ್ತಿನದನ್ನು ಒಂದೊಂದಾಗಿ ಹೇಳಿದಳು. ಐದೂವರೆಗೆ ಎದ್ದದ್ದು, ಹೂ ಕೊಯ್ದದ್ದು, ಕೂತು ಕಟ್ಟಿದ್ದು, ಹತ್ತಕ್ಕೆ ಹೂ ಹೋದ ಮೇಲೆ ಅಡುಗೆ ಮಾಡಿ ಬಸ್ಸು ಹಿಡಿದದ್ದು.

"ಮೂರು ಗಂಟೆ ಕಟ್ಟಿದ್ದೀರಿ. ಅದು ಕೆಲಸ ಅಲ್ವಾ?"

"ಕೂತುಕೊಂಡು ಹೂ ಕಟ್ಟುವುದು ಎಂತ ಕೆಲಸ."

ಊದಿದ ಕೈಯ ಅಳತೆಗೆ ಸ್ಲೀವ್ ಬಂದದ್ದು ಹೀಗೆ. ಹಾಳೆಯಲ್ಲಿ ಉದ್ಯೋಗದ ಎದುರು 'ಗೃಹಿಣಿ' ಎಂದಿತ್ತು. ರಮ್ಯಾ ಅದಕ್ಕೆ ಗೀಟು ಎಳೆದು 'ಹೂ ಕಟ್ಟುವುದು, ದಿನಾ ಮೂರು ಗಂಟೆ' ಎಂದು ಬರೆದರು. ಮತ್ತೆ ಡಬ್ಬದಿಂದ ಹತ್ತಿ ತೆಗೆದು ಮೊಗ್ಗಿನ ಹಾಗೆ ಹೊಸೆದರು, ಗಾಯಕ್ಕೆ ಕಟ್ಟುವ ಬಟ್ಟೆಯ ಅಂಚಿನಿಂದ ಒಂದು ನೂಲು ಎಳೆದು ಕೊಟ್ಟರು.

"ಕಟ್ಟಿ ತೋರಿಸಿ."

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಕಟ್ಟಿದಳು. ಎಂಟು ಹತ್ತಿಯ ಮೊಗ್ಗು. ಹೆಬ್ಬೆರಳು ಮೊದಲಿನಷ್ಟು ಒಳಗೆ ಬಾಗುತ್ತಿರಲಿಲ್ಲ, ಪ್ರತಿ ಸುತ್ತಿಗೂ ಒಂದು ಕ್ಷಣ ತಡೆಯುತ್ತಿತ್ತು. ಕಟ್ಟು ಮಾತ್ರ ಸಡಿಲವಾಗಲಿಲ್ಲ. ರಮ್ಯಾ ಬಗ್ಗಿ ನೋಡುತ್ತಿದ್ದರು. ಹಸ್ತದ ಹಿಂಬದಿಯೂ ಊದಿದ್ದರಿಂದ ಈ ಸಲ ಸ್ಲೀವಿನ ಜೊತೆ ಬೆರಳಿರುವ ಕೈಗವಸೂ ಬೇಕಿತ್ತು. ಹೆಬ್ಬೆರಳಿನ ಗೆಣ್ಣಿನ ಮೇಲೆ ನೀಲಿ ಗೆರೆ ಎಳೆದು ಕೇಳಿದರು:

"ಬಟ್ಟೆ ಇಲ್ಲಿಯವರೆಗೆ ಬಂದರೆ ಕಟ್ಟಲಿಕ್ಕೆ ಆಗುತ್ತದಾ?"

"ನಾರು ಬೆರಳಿಗೆ ಗೊತ್ತಾಗಬೇಕು."

"ಹಾಗಾದರೆ ಇಲ್ಲಿಗೆ ನಿಲ್ಲಿಸುವ." ಗೆರೆ ಕೆಳಗಿಳಿಯಿತು. ತೋರುಬೆರಳಿಗೂ ಹಾಗೆಯೇ ಮಾಡಿದರು.

"ಕಟ್ಟಬಹುದಾ ಹಾಗಾದರೆ?" ಅಕ್ಕ ಕೇಳಿದಳು. ಆ ಬೆಳಿಗ್ಗೆ ಆಕೆ ತಾನಾಗಿ ಕೇಳಿದ್ದು ಇದೊಂದೇ ಪ್ರಶ್ನೆ.

"ಸ್ಲೀವ್ ಹಾಕಿಕೊಂಡು ಅರ್ಧ ಗಂಟೆ ಕಟ್ಟಿ. ಮತ್ತೆ ಕೈ ಎತ್ತಿ ದಿಂಬಿನ ಮೇಲೆ ಇಡಿ. ಊತ ಏರಿದರೆ ಅವತ್ತಿಗೆ ನಿಲ್ಲಿಸಬೇಕು. ಗಿಡದಲ್ಲಿ ಇರುವೆ ಕಚ್ಚಿದರೂ, ಸಣ್ಣ ಗಾಯವಾದರೂ ನನಗೆ ಫೋನ್ ಮಾಡಬೇಕು. ಮೊದಲಿನಷ್ಟು ಕಟ್ಟಬಹುದು ಅಂತ ನಾನು ಹೇಳುವುದಿಲ್ಲ ಅಮ್ಮ."

ಅಕ್ಕ ತಲೆಯಾಡಿಸಿದಳು.

ಉಡುಪಿಗೆ ಇಳಿದು ಒಂದು ಹೋಟೆಲಿಗೆ ಹೋದೆವು. ಬನ್ಸ್, ಗೋಳಿಬಜೆ, ಎರಡು ಚಾ. ಗೋಳಿಬಜೆ ಬಿಸಿಯಿತ್ತು. ಅಕ್ಕ ಅದನ್ನು ಮುರಿದು ಆರಲು ಬಿಟ್ಟು ಹೇಳಿದಳು:

"ಅವಳು ಅವತ್ತು ಕನ್ನಡದಲ್ಲಿ ಕೇಳಿದ್ದು ನನಗೆ ಅರ್ಥ ಆಗಿತ್ತು ಮಾರಾಯ."

"ಮತ್ತೆ?"

"ಕಟ್ಟಿ ಬಂದೆ ಅಂದರೆ ಕಟ್ಟಬೇಡಿ ಅಂತಿದ್ದಳು. ಹಾಳೆಯಲ್ಲಿ ಬರೆದರೆ ಅದು ಮತ್ತೆ ಹೋಗುತ್ತದಾ?"

ಮೂವತ್ತು ವರ್ಷ ಜನರನ್ನು ಪ್ರಶ್ನೆ ಕೇಳಿ ಬರೆದವನಿಗೆ ಈ ಉತ್ತರ ಹಿಂದಿನ ಸಂಜೆಯೇ ಸಿಗಬೇಕಿತ್ತು. ನಾನು ಕೇಳಿರಲಿಲ್ಲ.

ಹೋಟೆಲಿನಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಬಳೆ ಅಂಗಡಿಯೊಂದರ ಮುಂದೆ ಅಕ್ಕ ನಿಂತಳು. ಚಿಕ್ಕಂದಿನಲ್ಲಿ ಅಮ್ಮ ನಮ್ಮನ್ನು ಉಡುಪಿಗೆ ಕರೆತಂದಾಗ ಬಳೆ ಅಂಗಡಿಯ ಮುದುಕ ಟೇಪು ಹಿಡಿಯುತ್ತಿರಲಿಲ್ಲ. ಅಕ್ಕನ ಹಸ್ತವನ್ನು ಒಮ್ಮೆ ಹಿಂಡಿ, ಎದ್ದು ಹೋಗಿ, ಸರಿಯಾದ ಅಳತೆಯ ಡಜನ್ ತರುತ್ತಿದ್ದ. ಅಕ್ಕ ಹಸಿರು ಬಳೆ ಆರು ಕೊಂಡಳು, ಎಡಗೈಗೆ. ಅಂಗಡಿಯ ಹೆಂಗಸು "ಇನ್ನೊಂದು ಕೈಗೆ ಬೇಡ್ವಾ ಅಕ್ಕ?" ಎಂದಾಗ "ಅದಕ್ಕೆ ಬೇರೆ ಕಡೆ ಆರ್ಡರ್ ಕೊಟ್ಟಾಗಿದೆ" ಎಂದಳು.

ಹನ್ನೊಂದೂಕಾಲಿಗೆ ಅವಳನ್ನು ಕಾಪು ಬಸ್ಸಿಗೆ ಹತ್ತಿಸಿದೆ. ಬಲಗೈಯನ್ನು ಎದುರಿನ ಸೀಟಿನ ಸರಳಿನ ಮೇಲೆ ಎತ್ತಿ ಇಟ್ಟುಕೊಂಡಳು. ನೀಲಿ ಗೆರೆಗಳು ಕಿಟಕಿಯಿಂದ ಕಾಣುತ್ತಿದ್ದವು.

ನಾನು ಕಾರ್ಕಳ ಬಸ್ಸು ಹಿಡಿದೆ. ಪರ್ಕಳ ದಾಟಿ ಹಿರಿಯಡ್ಕಕ್ಕೆ ಬರುವಾಗ ಸೆಕೆ ತಡೆಯಲಾರದಷ್ಟಿತ್ತು. ಹಿಂದೆ ಹಿರಿಯಡ್ಕದಲ್ಲಿ ಡ್ರೈವರ್ ಚಾ ಕುಡಿದು ಬರುವವರೆಗೆ ಬಸ್ಸು ನಿಲ್ಲುತ್ತಿತ್ತು, ಪ್ರಯಾಣಿಕರೂ ಇಳಿದು ಮಾತಿಗೆ ನಿಲ್ಲುತ್ತಿದ್ದರು. ಈಗ ಒಂದು ನಿಮಿಷ. ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಮನೆ ಸೇರಿದೆ.

ಹೊಸ ಸ್ಲೀವ್ ಮತ್ತು ಕೈಗವಸು ಬರಲು ಹದಿನೆಂಟು ದಿನ ಹಿಡಿಯಿತು. ತೊಡಿಸಿ ನೋಡುವ ದಿನ ಅಕ್ಕ ಒಬ್ಬಳೇ ಮೊದಲ ಬಸ್ಸಿಗೆ ಹೋದಳು. ಹೊಲಿಗೆಯ ಒಂದು ಕಡೆ ಕಂಕುಳಿಗೆ ಉಜ್ಜುತ್ತಿತ್ತು, ಅದನ್ನು ಸರಿಮಾಡಲು ಇನ್ನೂ ನಾಲ್ಕು ದಿನ ಹೋಯಿತು. ಮಾರ್ಚ್ ಕೊನೆಯ ಭಾನುವಾರ ಮಧ್ಯಾಹ್ನ ಫೋನ್ ಮಾಡಿದೆ. ಬೆಳಿಗ್ಗೆ ಏಳರಿಂದ ಸ್ಲೀವ್ ಹಾಕಿಕೊಂಡಿದ್ದೇನೆ, ಕೆಳಗೆ ಬಂದಿಲ್ಲ ಎಂದಳು. ಅಂದಿನ ಹೂವಿನಲ್ಲಿ ಅರ್ಧ ಚೆಂಡು ಅವಳು ಕಟ್ಟಿದ್ದಳು, ಉಳಿದದ್ದು ಖತೀಜಮ್ಮ.