ಟೇಲರಕ್ಕ ಎಳೆದ ಗೆರೆ

ಬೀದಿಯವರೆಲ್ಲ ಆಕೆಯನ್ನು ಟೇಲರಕ್ಕ ಎನ್ನುತ್ತಿದ್ದರು. ಆಳು ಗಿಡ್ಡ, ನಾಲಿಗೆ ಮಾತ್ರ ಉದ್ದ ಎಂದು ಬೆನ್ನ ಹಿಂದೆ ನಗುವವರೂ ಇದ್ದರು. ಇಪ್ಪತ್ತಾರು ವರ್ಷ ಕಂಡವರ ಅಳತೆ ತೆಗೆದು, ಒಬ್ಬರ ತೋಳೂ ಅರ್ಧ ಇಂಚು ಹೆಚ್ಚುಕಡಿಮೆಯಾಗದಂತೆ ಹೊಲಿದವಳಿಗೆ ಸ್ವಂತ ಅಡುಗೆಮನೆಯಲ್ಲಿ ಯಾವುದೂ ಅಳತೆಗೆ ಸರಿಯಿರಲಿಲ್ಲ. ಸಕ್ಕರೆ ಬೇಕೆಂದರೆ ಸ್ಟೂಲು, ಗಾಜಿನ ಲೋಟ ಬೇಕೆಂದರೆ ಗಂಡ. ಹೋದ ವರ್ಷ ಆ ಸ್ಟೂಲಿನಿಂದ ಬಿದ್ದು ಮಣಿಕಟ್ಟು ಮುರಿದು, ಎರಡು ತಿಂಗಳು ಮಷೀನು ಮುಟ್ಟಿರಲಿಲ್ಲ.

ಹಾಗಾಗಿ ಹೊಸ ಗೋಡೆ ಕಪಾಟು ಬಂದ ದಿನ ತಾನೇ ನಿಂತು, ಮೇಲಿನ ಹಲಗೆಯೂ ಕೈಗೆಟುಕುವಂತೆ ಅಳೆದು, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಗೋಡೆಯ ಮೇಲೆ ಗೆರೆ ಎಳೆದಳು. "ಕಪಾಟಿನ ತಳ ಇಲ್ಲಿಗೆ ಬರ್ಬೇಕು. ಕೂದಲೆಳೆಯಷ್ಟೂ ಮೇಲೆ ಹೋಗ್ಬಾರ್ದು" ಎಂದು ಬಡಗಿಗೂ ಗಂಡನಿಗೂ ಒತ್ತಿ ಹೇಳಿ, ಗಿರಾಕಿಯೊಬ್ಬಳ ಬಟ್ಟೆ ಕೊಟ್ಟುಬರಲು ಹೋದಳು.

ಮರಳಿ ಬಂದಾಗ ಕಪಾಟು ಗೆರೆಗಿಂತ ಒಂದು ಗೇಣು ಮೇಲೆ ಕೂತಿತ್ತು.

"ಯಾರ್ ಹೇಳಿದ್ದು ಹೀಗೆ ಹಾಕೋಕೆ?"

ಬಡಗಿ ಅವಳ ಗಂಡನ ಮುಖ ನೋಡಿದ. "ಯಜಮಾನ್ರೇ ಹೇಳಿದ್ರು ಅಕ್ಕಾ. ಕೆಳಗಿದ್ರೆ ನೋಡೋಕೆ ಚೆನ್ನಾಗಿರಲ್ಲ ಅಂತ."

"ಇಷ್ಟಕ್ಕೆಲ್ಲ ಯಾಕೆ ಕೂಗಾಡ್ತೀಯ? ಏನಾದ್ರೂ ಬೇಕಾದ್ರೆ ನನ್ನ ಕರಿ, ತೆಗೆದುಕೊಡ್ತೀನಿ" ಎಂದ ಗಂಡ, ದೊಡ್ಡ ಉಪಕಾರ ಮಾಡುವವನಂತೆ.

ಅವಳ ಪಿತ್ತ ನೆತ್ತಿಗೇರಿತು. "ಕರೀತಾನೇ ಇದ್ದೀನಲ್ರೀ, ಮದುವೆಯಾದಾಗಿಂದ! ಕೈ ಮುರಿದ ದಿನವೂ ಕರೆದೆ. ಪೇಪರ್ ಓದ್ತಾ 'ಬಂದೆ, ಬಂದೆ' ಅಂದ್ರಿ. ನೀವು ಬರೋ ಹೊತ್ತಿಗೆ ನಾನು ನೆಲದ ಮೇಲಿದ್ದೆ. ದಿನಕ್ಕೆ ಹತ್ತು ಸಲ ಕಪಾಟು ತೆಗೆಯೋಳು ನಾನು, ಅಂದ ನೋಡೋರು ನೀವಾ?"

ಬಡಗಿ ಮೆಲ್ಲಗೆ, "ಈಗ ಬಿಚ್ಚಿದ್ರೆ ಗೋಡೆ ತೂತು ಕಾಣತ್ತೆ ಅಕ್ಕಾ" ಎಂದ.

"ಕಾಣ್ಲಿ. ಕಣ್ಣಿರೋರು ನೋಡ್ಲಿ. ಬಿಚ್ಚಪ್ಪಾ! ರೀ, ನೀವು ಕೆಳಗಿಂದ ಹಿಡ್ಕೊಳ್ಳಿ. ಎತ್ತರ ಇದ್ದೀರಲ್ಲ, ಇವತ್ತಾದ್ರೂ ಉಪಯೋಗಕ್ಕೆ ಬನ್ನಿ."

ಬಡಗಿ ಒಂದೊಂದೇ ಸ್ಕ್ರೂ ಬಿಚ್ಚಿದಂತೆ ಕಪಾಟಿನ ಭಾರವೆಲ್ಲ ಗಂಡನ ಕೈಮೇಲೆ ಬಿತ್ತು. ಅವನ ತೋಳು ನಡುಗಿದರೂ ಅವಳು ಅವಸರ ಪಡಲಿಲ್ಲ. ಟೇಪು ಹಿಡಿದು ಎಡಬಲ ಎರಡೂ ಅಳೆದು, "ಇನ್ನೂ ಕಾಲಿಂಚು ಕೆಳಗೆ" ಎಂದಳು. ಸಿಟ್ಟಿದ್ದದ್ದು ನಿಜ, ಕಾಲಿಂಚು ಮೇಲಿದ್ದದ್ದೂ ಅಷ್ಟೇ ನಿಜ.

ಸಂಜೆಯೊಳಗೆ ಕಪಾಟು ಗೆರೆಗೆ ಸರಿಯಾಗಿ ಕೂತಿತು. ಬಡಗಿ ಹೋದ ಮೇಲೆ ಗಂಡ, "ತೂತಿಗೆ ಸಿಮೆಂಟು ಮೆತ್ತಿ ಬಣ್ಣ ಬಳೀಲಾ?" ಎಂದು ಕೇಳಿದ. ಅವಳು ಲೋಟಗಳನ್ನು ಒಂದೊಂದಾಗಿ ತಾನೇ ಜೋಡಿಸಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಕಪಾಟಿನ ಬಾಗಿಲನ್ನು ದಡಾರನೆ ಮುಚ್ಚಿದಳು, ತೆಗೆದಳು, ಮತ್ತೆ ದಡಾರನೆ ಮುಚ್ಚಿದಳು.