ಅಜ್ಜಿ ಹೋದ ದಾರಿಯ ಪಕ್ಕದ ಹೈವೇ

ನಮ್ಮಪ್ಪ ಹೈವೇಯಲ್ಲಿ ಓಡಾಡಿದ್ದಕ್ಕಿಂತ ಹೈವೇ ಮೇಲೆ ಕೂತಿದ್ದೇ ಹೆಚ್ಚು. ಕಾವೇರಿ ನೀರಿನ ಗಲಾಟೆ ಎದ್ದಾಗಲೆಲ್ಲ ಯಲಿಯೂರಿನ ನಮ್ಮ ಮನೆಯಿಂದ ಹಸಿರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟನೆಂದರೆ, ಗೆಜ್ಜಲಗೆರೆ ಹತ್ತಿರ ಬೆಂಗಳೂರು-ಮೈಸೂರು ರಸ್ತೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. 'ಒಂದು ಹನಿ ನೀರನ್ನೂ ಬಿಡೋದಿಲ್ಲ' ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು, ಸಂಜೆ ಮನೆಗೆ ಬಂದು ಸನ್ನೆಯಲ್ಲಿ ಕಾಫಿ ಕೇಳುತ್ತಿದ್ದ. ಹಾಗಾಗಿ ರಸ್ತೆಯನ್ನು ಅವನು ನೋಡುವ ಕಣ್ಣೇ ಬೇರೆ. ನೆರಳು ಎಲ್ಲಿದೆ, ಟೀ ಅಂಗಡಿ ಎಷ್ಟು ದೂರ, ಗಾಡಿಗಳು ನುಸುಳಿಕೊಂಡು ಹೋಗಲು ಪಕ್ಕದಲ್ಲಿ ಹೊಲದ ದಾರಿ ಇದೆಯೋ ಹೇಗೆ, ಇವು ಅವನಿಗೆ ಮುಖ್ಯ. ಹೊಸ ಎಕ್ಸ್‌ಪ್ರೆಸ್‌ವೇ ಆದಾಗ ಊರವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಅಪ್ಪ ಮಾತ್ರ ಎರಡೂ ಕಡೆಯ ಬೇಲಿ ನೋಡಿ ಮುಖ ಕಿವುಚಿದ. "ಇದ್ಯಾವ ಸೀಮೆ ರೋಡು, ಕೂರಕ್ಕೂ ಬುಡಕಿಲ್ಲ" ಅಂದ.

ಅವನ ಈ ಚಟಕ್ಕೆ ಅನ್ನ ಹಾಕಿದವಳು ನಮ್ಮಜ್ಜಿ, ಅವ್ವನ ತಾಯಿ. ಅಳಿಯ ರಸ್ತೆಯಲ್ಲಿ ಕೂತಿದ್ದಾನೆಂದು ಗೊತ್ತಾದರೆ ಸಾಕು, ಮಳವಳ್ಳಿ ಕಡೆಯ ತನ್ನ ಊರಿನಿಂದ ಬಸ್ಸು ಹಿಡಿದು ಮದ್ದೂರಿಗೆ ಬಂದು, ಅಲ್ಲಿಂದ ಮುಂದೆ ಬಸ್ಸಿಲ್ಲವಾದ್ದರಿಂದ (ಅಳಿಯನೇ ತಡೆದಿದ್ದನಲ್ಲ!) ಡಬ್ಬಿ ಹಿಡಿದು ನಡೆದೇ ಬರುತ್ತಿದ್ದಳು. ಮುದ್ದೆ, ಉಪ್ಸಾರು. ಪೊಲೀಸರ ಮುಂದೆಯೇ ಡಬ್ಬಿ ಬಿಚ್ಚಿ, "ನೀರು ಆಮೇಲೆ ಕೇಳೀರಂತೆ, ಮೊದ್ಲು ಉಣ್ಣಿ" ಎಂದು ಗದರುತ್ತಿದ್ದಳು. ಅಪ್ಪ ಇನ್ಯಾರ ಮಾತನ್ನೂ ಕೇಳುತ್ತಿರಲಿಲ್ಲ, ಅತ್ತೆಯ ಮಾತಿಗೆ ಮಾತ್ರ ತುತ್ತು ಮುರಿಯುತ್ತಿದ್ದ.

ಅಜ್ಜಿ ತೀರಿಕೊಂಡಾಗ ಬೂದಿ ಬಿಟ್ಟದ್ದು ಮುತ್ತತ್ತಿಯಲ್ಲಿ. ಆಂಜನೇಯನ ಗುಡಿಯ ಕೆಳಗೆ, ಹೊಳೆಯಲ್ಲಿ ಮೊಣಕಾಲುದ್ದ ಇಳಿದು ಮಾವ ಮಡಕೆ ಬಗ್ಗಿಸಿದ. ದಡದಲ್ಲಿ ನಿಂತಿದ್ದ ಅವ್ವ, "ಇದು ಎಲ್ಲಿಗಂಟ ಓಯ್ತದೆ?" ಎಂದು ಕೇಳಿದಳು. ಸಮುದ್ರದವರೆಗೂ ಹೋಗುತ್ತದೆ ಎಂದು ಯಾರೋ ಸಮಾಧಾನಕ್ಕೆ ಅಂದರು. ಅವತ್ತಿನಿಂದ ಅವ್ವನಿಗೆ ಅದೊಂದೇ ಜಪ. ಅಜ್ಜಿ ಮೈಸೂರು ದಾಟಿ ಎಲ್ಲಿಗೂ ಹೋದವಳಲ್ಲ. ಅಂಥವಳು ಅಷ್ಟು ದೂರ ಒಬ್ಬಳೇ ಹೋಗಿದ್ದಾಳೆ, ಹೋಗಿ ಸೇರಿದಳೋ ಇಲ್ಲವೋ ಮಗಳಾದವಳು ನೋಡಬೇಡವೇ? ಈ ಮಾತಿಗೆ ನಾನು ಮೊದಲು ನಕ್ಕೆ. ಅವಳು ನಗಲಿಲ್ಲ. "ನಂಗೂ ಮಂಡಿ ಬತ್ತಾ ಬತ್ತಾ ಮಾತು ಕೇಳಕಿಲ್ಲ. ನಡೆಯೋಗಂಟ ಒಂದ್ಸಲ ಕರ್ಕೊಂಡೋಗ್ಬುಡು ಕಣವ್ವ" ಅಂದಳು.

ನಾನು ಮದ್ದೂರಿನ ಶಾಲೆಯೊಂದರಲ್ಲಿ ಟೀಚರು. ಹಳೆಯದೊಂದು ಕಾರು ಕೊಂಡು ಓಡಿಸಲು ಕಲಿತಿದ್ದೆ. ದಸರಾ ರಜೆಯಲ್ಲಿ ಹೊರಡುವುದೆಂದು ನಿರ್ಧಾರವಾಯಿತು. ಕಾವೇರಿ ಸಮುದ್ರ ಸೇರುವುದು ತಮಿಳುನಾಡಿನ ಪೂಂಪುಹಾರ್ ಎಂಬಲ್ಲಿ. ಆ ವರ್ಷ ಮಳೆ ಕೈಕೊಟ್ಟಿತ್ತು, ಅಪ್ಪ ಹಿಂದಿನ ತಿಂಗಳಷ್ಟೇ ಗೆಜ್ಜಲಗೆರೆಯಲ್ಲಿ ಕೂತು ಬಂದಿದ್ದ. ಊರ ಹೆಸರು ಕೇಳುತ್ತಲೇ ಕೆರಳಿದ.

"ಕೆಎ ಹನ್ನೊಂದು ನಂಬರಿನ ಗಾಡಿ ತಕ್ಕಂಡು ಅಲ್ಲಿಗೆ ಓಯ್ತೀರಾ? ಮಂಡ್ಯದೋರು ಅಂತ ಗೊತ್ತಾದ್ರೆ ಗಾಜು ಉಳಿಸ್ತಾರಾ? ಸಮುದ್ರ ತಾನೇ ಬೇಕಾಗಿರೋದು, ಮಂಗ್ಳೂರಿಗೆ ಓಗವ."

"ನಂಗೆ ಸಮುದ್ರ ಬ್ಯಾಡ. ನಮ್ಮವ್ವ ಓಗಿರೋದು ಮಂಗ್ಳೂರಿಗಲ್ಲ" ಅಂದಳು ಅವ್ವ.

ಅತ್ತೆಯ ಹೆಸರು ಬಂದ ಮೇಲೆ ಅಪ್ಪ ಮೆತ್ತಗಾದ. ಬರುವುದಿಲ್ಲ ಅನ್ನಲಿಲ್ಲ. ಆದರೆ ಯಾವ ಹೈವೇ ಹಿಡಿಯಬೇಕೆಂದು ತಾನೇ ತೀರ್ಮಾನಿಸುತ್ತೇನೆ ಅಂದ. ಜಗಲಿಯ ಮೇಲೆ ಮೂವರೂ ನನ್ನ ಫೋನಿನ ಮ್ಯಾಪಿನ ಸುತ್ತ ಕೂತೆವು. ನನ್ನ ಆಯ್ಕೆ ಬೆಂಗಳೂರು, ಹೊಸೂರು, ಸೇಲಂ ದಾರಿ. ಕಾರಣ ಸರಳ. ಅಗಲ ರಸ್ತೆ, ದಾರಿಯುದ್ದಕ್ಕೂ ಹೆಂಗಸರು ಹೋಗುವಂಥ ಶೌಚಾಲಯ. ಇದನ್ನು ಗಂಡಸರ ಮುಂದೆ ಹೈವೇಯ ಗುಣವೆಂದು ಹೇಳಿದರೆ ನಗುತ್ತಾರೆ. ಅವರಿಗೇನು, ಊರೆಲ್ಲ ಮರಗಳೇ. ಅಪ್ಪನ ಆಯ್ಕೆ ಚಾಮರಾಜನಗರದಿಂದ ಘಾಟಿ ಇಳಿಯುವ ದಾರಿ. ಅಲ್ಲಿ ಕಾಡು ಜಾಸ್ತಿ, ಊರು ಕಮ್ಮಿ, ಹಾಗಾಗಿ ಕಲ್ಲು ಹೊಡೆಯುವವರೂ ಕಮ್ಮಿ ಎಂಬುದು ಅವನ ವಾದ. "ಕಲ್ಲು ಹೊಡೆಯಲ್ಲ ಸರಿ, ಆನೆ ಬಂದ್ರೆ?" ಅಂದೆ. "ಆನೆ ನಂಬರ್ ಪ್ಲೇಟು ಓದಕಿಲ್ಲ ಕಣವ್ವ" ಅಂದ.

ಅವ್ವ ಮ್ಯಾಪಿನಲ್ಲಿ ರಸ್ತೆಗಳನ್ನು ನೋಡಲೇ ಇಲ್ಲ. "ಒಳೆ ಯಾವ್ದು ತೋರ್ಸು" ಅಂದಳು. ನೀಲಿ ಗೆರೆ ತೋರಿಸಿದೆ. ಅದರ ಮೇಲೆ ಬೆರಳಿಟ್ಟು ಸವರಿದಳು, ಮ್ಯಾಪು ಹಾರಿ ಎಲ್ಲಿಗೋ ಹೋಯಿತು. ಮತ್ತೆ ತಂದುಕೊಟ್ಟೆ, ಮತ್ತೆ ಸವರಿದಳು. ಕೊನೆಗೆ ನಾನೇ ಅವಳ ಬೆರಳು ಹಿಡಿದು ಮೆಲ್ಲಗೆ ನಡೆಸಿದೆ. ಮುತ್ತತ್ತಿ, ಮೆಟ್ಟೂರು, ಈರೋಡು, ತಿರುಚ್ಚಿ, ಕುಂಭಕೋಣಂ.

"ಈ ಗೆರೆ ಪಕ್ದಾಗೆ ಯಾವ ರೋಡು ಓಯ್ತದೋ ಅದ್ರಲ್ಲೇ ಓಗವ. ಅವ್ವ ಓದ ದಾರಿ ಕಣ್ಣಿಗೆ ಬೀಳ್ತಾ ಇರ್ಲಿ."

ಹಾಗೆ ನೋಡಿದರೆ ಇದ್ದದ್ದು ಒಂದೇ ದಾರಿ. ಮಳವಳ್ಳಿ, ಕೊಳ್ಳೇಗಾಲ, ಮಾದಪ್ಪನ ಬೆಟ್ಟ ಹತ್ತಿ ಇಳಿದು ಮೆಟ್ಟೂರು, ಅಲ್ಲಿಂದ ಹೊಳೆಯ ಜೊತೆಜೊತೆಗೇ. ಮೂರರಲ್ಲಿ ಅತ್ಯಂತ ನಿಧಾನದ್ದು, ತಿರುವುಗಳು ಜಾಸ್ತಿ, ನನ್ನ ಶೌಚಾಲಯದ ಲೆಕ್ಕದಲ್ಲಂತೂ ಸೊನ್ನೆ. ನಾನು ಅಪ್ಪನ ಮುಖ ನೋಡಿದೆ, ಅಪ್ಪ ನನ್ನ ಮುಖ ನೋಡಿದ. ಇಬ್ಬರೂ ಸೋತಿದ್ದೆವು.

ಹೊರಡುವ ಬೆಳಿಗ್ಗೆ ಅಪ್ಪ ಎರಡು ಕೆಲಸ ಮಾಡಿದ್ದ. ಮೊದಲನೆಯದು, ಮನೆಯ ನಲ್ಲಿಯಿಂದ ದೊಡ್ಡ ಕ್ಯಾನೊಂದಕ್ಕೆ ನೀರು ತುಂಬಿಸಿ ಡಿಕ್ಕಿಯಲ್ಲಿ ಇಟ್ಟಿದ್ದ. "ಅವ್ರೂರ ನೀರು ನಾನು ಮುಟ್ಟಕಿಲ್ಲ." ಅಲ್ಲಿ ಬರುವುದೂ ಇದೇ ಹೊಳೆಯ ನೀರಲ್ಲವೇ ಅಂದೆ. "ಅದ್ಕೇ ಮುಟ್ಟಕಿಲ್ಲ" ಅಂದ. ಈ ತರ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಎರಡನೆಯದು ಗೊತ್ತಾದದ್ದು ಗಡಿಯ ಚೆಕ್‌ಪೋಸ್ಟಿನಲ್ಲಿ. ಪೊಲೀಸಿನವನು ಕಾರಿನ ಸುತ್ತ ಒಂದು ಸುತ್ತು ಬಂದು, ನಂಬರ್ ಪ್ಲೇಟಿಗೆ ಯಾಕೆ ಮಣ್ಣು ಮೆತ್ತಿದ್ದೀರಿ ಎಂದು ಕೇಳಿದ. ನಮ್ಮ ಗದ್ದೆಯ ಜೇಡಿಮಣ್ಣು, ಹದವಾಗಿ ಕಲಸಿ, ಸರಿಯಾಗಿ ಹನ್ನೊಂದರ ಮೇಲೇ ಬಳಿದಿದ್ದ! ಈಗಲೇ ತೊಳೆಯಿರಿ ಎಂದ ಪೊಲೀಸು. ಅಪ್ಪ ಡಿಕ್ಕಿ ಕಡೆ ಹೋಗಲೇ ಇಲ್ಲ. ಕ್ಯಾನಿನ ನೀರು ಮಣ್ಣಿಗೆ ಖರ್ಚು ಮಾಡುವ ಮನಸ್ಸಿಲ್ಲದೆ ಟವೆಲ್ಲಿನಲ್ಲೇ ಗಸಗಸ ಉಜ್ಜಿ ತೆಗೆದ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಹಿಂದಿನ ಸೀಟಿನಲ್ಲಿ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಮಣ್ಣಾದ ಹಸಿರು ಟವೆಲ್ಲನ್ನು ಸೀಟಿನ ಕೆಳಗೆ ತುರುಕಿಸಿದೆ. ಅವನು ಅದನ್ನು ಹಾಕಿಕೊಂಡು ಆ ರಾಜ್ಯದೊಳಗೆ ಬರುವುದಕ್ಕೆ ನನಗೂ ಭಯವೇ ಆಗಿತ್ತು.

ಮೆಟ್ಟೂರಿನಿಂದ ಮುಂದೆ ಅವ್ವ ಕಿಟಕಿ ಬಿಟ್ಟು ಕದಲಲಿಲ್ಲ. ಹೊಳೆ ಕಂಡಾಗ ಕೈ ಮುಗಿಯುವಳು, ಮರೆಯಾದಾಗ "ಎಲ್ಲೋದ್ಳು?" ಎನ್ನುವಳು. ಹೊಳೆಯನ್ನು ಕೇಳುತ್ತಿದ್ದಾಳೋ ಅಜ್ಜಿಯನ್ನೋ ತಿಳಿಯುತ್ತಿರಲಿಲ್ಲ. ತಿರುಚ್ಚಿಯ ಲಾಡ್ಜಿನಲ್ಲಿ ರಾತ್ರಿ ಕಳೆದೆವು. ಅಪ್ಪ ಇಡ್ಲಿಯನ್ನು ಅವರದೇ ತಿಂದ, ನೀರನ್ನು ಮಾತ್ರ ತನ್ನದೇ ಕುಡಿದ. ಯಾರೂ ಕಲ್ಲು ಹೊಡೆಯಲಿಲ್ಲ. ನಂಬರ್ ಪ್ಲೇಟಿನ ಕಡೆ ಯಾರೂ ಕಣ್ಣೆತ್ತಿಯೂ ನೋಡಲಿಲ್ಲವೆಂದು ಅವನಿಗೆ ಒಳಗೊಳಗೇ ಬೇಜಾರೂ ಆಗಿತ್ತೇನೋ.

ಮರುದಿನ ಮಧ್ಯಾಹ್ನ, ಕುಂಭಕೋಣಂ ದಾಟಿದ ಮೇಲೆ, ಹೈವೇಯಲ್ಲಿ ಲಾರಿ ಬಸ್ಸುಗಳ ಸಾಲು ನಿಂತಿತ್ತು. ಅಪಘಾತವಿರಬೇಕೆಂದುಕೊಂಡೆ. ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ, ಮುಂದೆ ಕೇಳುತ್ತಿದ್ದ ಕೂಗಿಗೆ ಕಿವಿಗೊಟ್ಟ. "ಅಪಘಾತ ಅಲ್ಲ, ರಸ್ತೆ ತಡೆ" ಅಂದ. ರೈತರು ರಸ್ತೆ ಮೇಲೆ ಕೂತಿದ್ದರು. ಅವರ ಹೆಗಲ ಮೇಲೂ ಹಸಿರು ಟವೆಲ್ಲುಗಳೇ. ಅವರ ಕೂಗಿನಲ್ಲಿ ನಮಗೆ ತಿಳಿದ ಮಾತು ಎರಡೇ: ಕಾವೇರಿ, ತಣ್ಣಿ. ನಮ್ಮ ಹತ್ತಿರ ನೀರು ಕೇಳಿಕೊಂಡು ಕೂತವರ ಎದುರಿಗೆ, ಕೆಎ ಹನ್ನೊಂದನ್ನು ಲಕಲಕ ಉಜ್ಜಿಕೊಂಡು ನಾವು ನಿಂತಿದ್ದೆವು. ಹಿಂದೆ ಹೋಗಲು ಜಾಗವಿರಲಿಲ್ಲ. ಕತ್ತಲಾಗುವುದರೊಳಗೆ ತಲುಪದಿದ್ದರೆ ಅವ್ವನ ಆಸೆ ಮುಗಿದಂತೆ. ನನ್ನ ರಜೆ ಮುಗಿಯುತ್ತಿದ್ದುದರಿಂದ ಮರುದಿನ ಬೆಳಿಗ್ಗೆಯೇ ನಾವು ಹಿಂದಿರುಗಬೇಕಿತ್ತು.

ಅಪ್ಪ ಸ್ವಲ್ಪ ಹೊತ್ತು ಗೊಣಗಿದ. "ಬಿಸ್ಲಲ್ಲಿ ಕೂತವ್ರಲ್ಲ, ಅಲ್ಲೇ ಮರ ಅದೆ, ಕಾಣಕಿಲ್ವಾ? ಆಂಬುಲೆನ್ಸಿಗೆ ಜಾಗ ಬುಟ್ಟವ್ರೆ, ಅದು ಸರಿ." ಆಮೇಲೆ ಬಾಗಿಲು ತೆಗೆದು ಇಳಿದೇಬಿಟ್ಟ.

"ಸುಮ್ಕೆ ಕೂತ್ಕಳಿ ಅತ್ಲಾಗೆ!" ಎಂದು ಅವ್ವ ಕೂಗಿದಳು. ಅವನು ತಿರುಗಿಯೂ ನೋಡಲಿಲ್ಲ.

ನಾನು ಹಿಂದೆಯೇ ಓಡಿದೆ. ಬಯ್ಯಲು ಹೋಗುತ್ತಿದ್ದಾನೆಂದೇ ಅಂದುಕೊಂಡಿದ್ದೆ. ಅಪ್ಪ ಅವರ ಮುಂದೆ ಹೋಗಿ ನಿಂತ. ನಿಂತವನು ಏನೋ ತಪ್ಪು ಮಾಡಿದವನಂತೆ ಅತ್ತಿತ್ತ ನೋಡಿದ. ಧರಣಿ ಕೂತವರ ಎದುರು ನಿಂತು ಮಾತಾಡುವವರು ಪೊಲೀಸರು, ಇಲ್ಲವೇ ಸಾಹೇಬರು. ಅದು ಅವನ ಇಷ್ಟು ವರ್ಷದ ಅನುಭವ. ಪಂಚೆ ಸರಿಮಾಡಿಕೊಂಡು ರಸ್ತೆಯ ಮೇಲೆ ಅವರ ಸಾಲಿನ ಕೊನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

ಪಕ್ಕದಲ್ಲಿದ್ದ ಮುದುಕ ಏನೂ ಕೇಳದೆ ಒಂದು ಲೋಟ ಮಜ್ಜಿಗೆ ದಾಟಿಸಿದ. ಅಪ್ಪ ಅದನ್ನು ಒಂದು ಕ್ಷಣ ನೋಡಿ ಗಟಗಟನೆ ಕುಡಿದ. ಅವರ ನೀರು! "ಎಂದ ಊರು?" ಎಂದು ತಮಿಳಿನಲ್ಲಿ ಊರು ಯಾವುದೆಂದು ಕೇಳಿದ ಮುದುಕ. ಅಪ್ಪ ಸುಳ್ಳು ಹೇಳಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. "ಮಂಡ್ಯ" ಅಂದ.

ಕೂಗು ನಿಂತಿತು. ಎಲ್ಲರೂ ನಮ್ಮನ್ನೇ ನೋಡಿದರು. ಮುದುಕ ತನ್ನ ಅಂಗೈಯನ್ನು ನೆಲದಿಂದ ಒಂದು ಗೇಣು ಮೇಲೆ ಹಿಡಿದು, ಗದ್ದೆಯ ಕಡೆ ಕತ್ತು ಆಡಿಸಿದ: ನಮ್ಮ ಪೈರು ಇಷ್ಟೇ. ಅಪ್ಪ ತನ್ನ ಅಂಗೈಯನ್ನು ಅದರ ಪಕ್ಕದಲ್ಲಿ ಹಿಡಿದ. ಎರಡು ಕೈಗಳಿಗೂ ಅಂಥ ವ್ಯತ್ಯಾಸವಿರಲಿಲ್ಲ. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನನಗೆ ಮಾತ್ರ ಅಳು ಬಂತು.

ಅಪ್ಪ ಕಾರಿನಲ್ಲಿದ್ದ ಅವ್ವನನ್ನು ತೋರಿಸಿದ. "ಅವಳವ್ವ" ಎಂದು ಮುಷ್ಟಿ ಬಿಚ್ಚಿ ಬೂದಿ ಬಿಡುವಂತೆ ಮಾಡಿ, ಕೈಯನ್ನು ಹೊಳೆಯಂತೆ ಆಡಿಸುತ್ತಾ ಮೂಡಲ ದಿಕ್ಕಿಗೆ ಚಾಚಿದ. ಮುದುಕನಿಗೆ ಅರ್ಥವಾಯಿತು. ಎದ್ದು ತನ್ನ ಮೊಪೆಡ್ಡು ಹತ್ತಿ, ಹಿಂದೆ ಬನ್ನಿ ಎಂದು ಸನ್ನೆ ಮಾಡಿದ. ಅವನ ಜೊತೆಯವರು ಸರಿದು, ಪಕ್ಕದ ನಾಲೆಯ ಕಡೆಗೆ ಕಾರು ಇಳಿಸಲು ದಾರಿ ಮಾಡಿಕೊಟ್ಟರು.

ಹೈವೇ ಬಿಟ್ಟು ನಾಲೆ ಏರಿಯ ಮೇಲೆ ಹೊರಟೆವು. ಥೇಟ್ ನಮ್ಮೂರ ನಾಲೆಯ ಏರಿಯೇ. ಅದೇ ಕಳೆ, ಅದೇ ತುಕ್ಕು ಹಿಡಿದ ತೂಬುಗಳು. ಪ್ರತಿ ತೂಬು ಬಂದಾಗಲೂ ಅಪ್ಪ ಬಗ್ಗಿ ನೋಡುತ್ತಿದ್ದ. ಎಲ್ಲ ಒಣಗಿದ್ದವು. ರಸ್ತೆ ತಡೆಯ ಆಚೆ ನಮ್ಮನ್ನು ಮತ್ತೆ ಹೈವೇಗೆ ಮುಟ್ಟಿಸಿ, ಮುದುಕ ತನ್ನ ಧರಣಿಗೆ ವಾಪಸು ಹೋದ.

ಬಿಸಿಲು ಇಳಿಯುವ ಹೊತ್ತಿಗೆ ಪೂಂಪುಹಾರ್ ಮುಟ್ಟಿದೆವು. ಅವ್ವ ನನ್ನ ಭುಜ ಹಿಡಿದು ಮರಳಿನಲ್ಲಿ ಕಾಲೆಳೆಯುತ್ತಾ ಬಂದಳು. ಸಮುದ್ರ ಮೊರೆಯುತ್ತಿತ್ತು. ಹೊಳೆ ಎಲ್ಲಿ ಎಂದು ಹುಡುಕಿದೆವು. ಒಂದು ಕಡೆ ಹಸಿರುಗಟ್ಟಿದ ನೀರು ಮಡುವಿನಲ್ಲಿ ನಿಂತಿತ್ತು. ಅದಕ್ಕೂ ಅಲೆಗೂ ನಡುವೆ ಮರಳಿನ ದಿಣ್ಣೆ. ಹೊಳೆ ಸಮುದ್ರ ಮುಟ್ಟಿರಲಿಲ್ಲ.

ನಮ್ಮ ನೀರೆಲ್ಲ ಸುಮ್ಮನೆ ಸಮುದ್ರಕ್ಕೆ ಹೋಗುತ್ತದೆ ಎಂದು ಜೀವಮಾನವೆಲ್ಲ ಕೂಗಿದವನು ನಮ್ಮಪ್ಪ. ಆ ದಿಣ್ಣೆಯನ್ನು ನೋಡುತ್ತಾ ನಿಂತುಬಿಟ್ಟ.

ಅವ್ವ ಅಲ್ಲೇ ಕುಸಿದು ಕೂತಳು. "ಬರಕ್ಕಾಗಿಲ್ಲ ಅವ್ವಂಗೆ" ಅಂದಳು. "ಎಲ್ಲೋ ದಾರೀಲೇ ನಿಂತೋಗವ್ಳೆ."

ಬೂದಿ ಬಿಟ್ಟ ವರ್ಷ ಹೊಳೆ ತುಂಬಿತ್ತು, ಅಜ್ಜಿ ಆಗಲೇ ಸೇರಿರುತ್ತಾಳೆ ಎಂದು ನಾನು ಹೇಳಿದೆ. ಅವ್ವ ಕೇಳಿಸಿಕೊಳ್ಳಲಿಲ್ಲ. ಅವಳ ಬೆನ್ನು ಸವರುತ್ತಾ ಕೂತೆ.

ಅಪ್ಪ ಕಾಣಲಿಲ್ಲ. ತಿರುಗಿ ನೋಡಿದರೆ ಕಾರಿನ ಕಡೆಯಿಂದ ಬರುತ್ತಿದ್ದ, ಕ್ಯಾನು ಹೆಗಲ ಮೇಲಿತ್ತು. ನಮ್ಮ ಮುಂದೆ ಹಾದು ಹೋಗಿ, ಹೊಳೆ ನಿಂತಿದ್ದ ಜಾಗದಲ್ಲಿ ಮಂಡಿಯೂರಿದ. ಮೊದಲು ಬೆರಳಲ್ಲಿ ಮರಳು ಗೀರಿ ಸಣ್ಣ ಕಾಲುವೆ ಮಾಡಿದ, ಗದ್ದೆಗೆ ನೀರು ಕಟ್ಟುವಾಗ ಮಾಡುವ ಹಾಗೇ. ಆಮೇಲೆ ಮುಚ್ಚಳ ತೆಗೆದು ಬಗ್ಗಿಸಿದ. ನಮ್ಮ ಮನೆಯ ನಲ್ಲಿಯ ನೀರು ಮರಳಿನಲ್ಲಿ ಇಂಗುತ್ತಾ, ಮತ್ತೆ ಮುಂದೆ ಸರಿಯುತ್ತಾ ಹೋಯಿತು. ಅಷ್ಟರಲ್ಲಿ ಒಂದು ಅಲೆ ಮೇಲೆ ಬಂದು ಅದನ್ನು ಮುಟ್ಟಿತು.

"ಬುಟ್ಟಿವ್ನಿ ಕಣತ್ತೆ" ಅಂದ ಅಪ್ಪ. "ಓಗಿ."

ಅವ್ವ ಎದ್ದು ಹೋಗಿ ಅವನ ಪಕ್ಕದಲ್ಲಿ ನಿಂತಳು. "ಇನ್ನೂ ವಸಿ ಉಳ್ಕಂಡದೆ ನೋಡಿ" ಅಂದಳು. ಅಪ್ಪ ಕ್ಯಾನನ್ನು ತಲೆಕೆಳಗು ಮಾಡಿ, ತಳ ತಟ್ಟಿ, ಕೊನೆಯ ಹನಿಯನ್ನೂ ಬಿಟ್ಟ.