ನಾಲ್ಕು ತಿಂಗಳ ಮೌನಕ್ಕೊಂದು ಗೋಡೆ

೧೯೮೭ರಲ್ಲಿ ನಾನು ನಿಪ್ಪಾಣಿಯಲ್ಲಿದ್ದೆ. ವಯಸ್ಸು ಮೂವತ್ತಾರು. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಕೆಲಸ ಬಿಟ್ಟು, ಮನೆಗಳ ಒಳಗನ್ನು ಅಂದಗೊಳಿಸುವ ಉದ್ಯೋಗ ಹಿಡಿದು ಆರು ವರ್ಷವಾಗಿತ್ತು. ಇಂಟೀರಿಯರ್ ಎಂಬ ಮಾತು ನಮ್ಮ ಕಡೆ ಇನ್ನೂ ಕಾಲಿಟ್ಟಿರಲಿಲ್ಲ. ಅಂಗಡಿಯ ಬೋರ್ಡಿನ ಮೇಲೆ ‘ಒಳಮನೆ ಅಲಂಕಾರ’ ಎಂದು ಬರೆಸಿದ್ದೆ. ಅದನ್ನು ಓದಿ ಬಂದವರಲ್ಲಿ ಅರ್ಧ ಜನ, ಮದುವೆಗೆ ಹಂದರ ಹಾಕುತ್ತೀರೇನು ಎಂದು ಕೇಳುತ್ತಿದ್ದರು. ಉಳಿದವರ ಬಾಯಲ್ಲಿ ನಾನು ಗ್ವಾಡಿ ಮಾಸ್ತರ. ಗೋಡೆಗೆ ನಮ್ಮಲ್ಲಿ ಗ್ವಾಡಿ ಎನ್ನುವುದು ವಾಡಿಕೆ. ಹೆಸರು ಚೆನ್ನಾಗಿಯೇ ಇತ್ತು, ನಾನೂ ಬೇಡವೆನ್ನಲಿಲ್ಲ.

ಆಗ ಚಿಕ್ಕೋಡಿಯಿಂದ ಕಾಗವಾಡದವರೆಗೆ ಹೊಸ ಮನೆ ಎಂದರೆ ಒಂದೇ ವೇಷ. ಸೊಂಟದ ಮಟ್ಟಕ್ಕೆ ಹಸಿರು ಆಯಿಲ್ ಪೇಂಟ್, ಅದರ ಮೇಲೆ ಕೆನೆಬಣ್ಣ, ನಡುವೆ ಒಂದು ಕರಿ ಗೆರೆ, ಶೋಕೇಸಿನಲ್ಲಿ ಪ್ಲಾಸ್ಟಿಕ್ ಗುಲಾಬಿ. ನನಗೆ ಅಂಥ ಮನೆಗೆ ಕಾಲಿಟ್ಟರೆ ಸರಕಾರಿ ದವಾಖಾನೆಯ ಇಂಜೆಕ್ಷನ್ ನೆನಪಾಗುತ್ತಿತ್ತು. ನಾನು ಗೋಡೆಗೆ ಬಳಿದ ಹಸಿ ಗಿಲಾವಿನ ಮೇಲೆ ಬಾಚಣಿಗೆ ಎಳೆದು ಅಲೆ ಎಬ್ಬಿಸುತ್ತಿದ್ದೆ, ಗೋಣಿತಟ್ಟು ಒತ್ತಿ ತರಿ ಮೂಡಿಸುತ್ತಿದ್ದೆ. ಇದಕ್ಕೆ ಟೆಕ್ಸ್ಚರ್ ಎನ್ನುತ್ತಾರೆ. ಕಣ್ಣು ಮುಚ್ಚಿ ಮುಟ್ಟಿದರೂ ಗೋಡೆ ಏನೋ ಹೇಳಬೇಕು, ಅಷ್ಟೇ ಅದರ ಅರ್ಥ. ಎಲ್ಲವೂ ಕೈಹತ್ತಿತು ಎಂದೇನಿಲ್ಲ. ಒಬ್ಬರ ಮನೆಗೆ ತಂಬಾಕಿನ ದಂಟು ಹೆಣೆದು ಪರದೆ ಮಾಡಿಕೊಟ್ಟೆ. ಮೊದಲ ಮಳೆ ಬಿದ್ದ ದಿನ ಬೀಗರು ಸೀನಿ ಸೀನಿ ಅರ್ಧ ಊಟಕ್ಕೇ ಎದ್ದರಂತೆ.

ಆ ವರ್ಷದ ಏಪ್ರಿಲಿನಲ್ಲಿ ಉಗಾರ ಬುದ್ರುಕದಿಂದ ಭೂಪಾಲಣ್ಣನ ಕರೆ ಬಂತು. ಕಬ್ಬು ಬೆಳೆಯುವ ಜೈನ ಮನೆತನ. ಕೃಷ್ಣೆಯ ದಡದಿಂದ ಕೂಗಳತೆಯಲ್ಲಿ ಹೊಸದಾಗಿ ಸ್ಲ್ಯಾಬಿನ ಮನೆ ಕಟ್ಟಿಸಿದ್ದರು. ಅವರ ಗಾಣದ ಮನೆಯಲ್ಲಿ ಬೆಲ್ಲ ಕಾಸುವ ಹಳೆಯ ಕೊಪ್ಪರಿಗೆಯೊಂದು ತೂತುಬಿದ್ದು ಮೂಲೆ ಸೇರಿತ್ತು. ಅದರ ತಳವನ್ನು ದುಂಡಗೆ ಕತ್ತರಿಸಿ, ಪಡಸಾಲೆಯ ಗೋಡೆಯ ಮೇಲೆ ಕೂರಿಸಿ, ಹಿಂದೆ ಬಲ್ಬು ಇಟ್ಟೆ. ಅಂಚಿನ ಸುತ್ತ ಬೆಲ್ಲದ ಬಣ್ಣದ ಬೆಳಕು ಹಬ್ಬಿತು. ‘ಭೂಪಾಲಣ್ಣನ ಮನ್ಯಾಗ ವರ್ಷಪೂರ್ತಿ ಗ್ರಹಣ’ ಎಂದು ಊರಿನವರು ನಕ್ಕರೂ ನೋಡಲು ಬರುವುದನ್ನು ಬಿಡಲಿಲ್ಲ.

ಆ ಬೆಳಕನ್ನು ನೋಡಿಯೇ ಭೂಪಾಲಣ್ಣನ ತಾಯಿ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಚಂಪವ್ವ ಅವರ ಹೆಸರು, ಊರಿಗೆಲ್ಲ ಆಯಿ. ಎಪ್ಪತ್ತು ದಾಟಿದ್ದರು. ಬಿಳಿ ಸೀರೆ, ಸಣ್ಣ ದೇಹ, ಕಣ್ಣು ಮಾತ್ರ ಚುರುಕು.

“ತಮ್ಮಾ, ಆಷಾಢ ಚತುರ್ದಶಿಯಿಂದ ಕಾರ್ತಿಕದ ತನಕ ಮೌನ ಹಿಡಿತೀನಿ,” ಎಂದರು. “ನಾಕ ತಿಂಗಳ ಈ ಖೋಲ್ಯಾಗ ನಾನು ಮತ್ತ ಈ ಗ್ವಾಡಿ, ಇಬ್ಬರ. ನೋಡಿದ್ರ ಇದು ಕನ್ನಡಿ ಹಂಗ ಹೊಳೀತೈತಿ. ಎಲ್ಲಿ ಕುಂತ್ರೂ ನನ್ನ ಮಾರಿ ನನಗ ತೋರಸ್ತೈತಿ. ಎಪ್ಪತ್ತ ವರ್ಷ ನೋಡೀನಿ ಈ ಮಾರಿ, ಸಾಕಾಗೈತಿ.”

ಜೈನರಲ್ಲಿ ಮಳೆಗಾಲದ ನಾಲ್ಕು ತಿಂಗಳು ವ್ರತದ ಕಾಲ. ಹಲವರು ಊಟದಲ್ಲಿ ಏನಾದರೂ ಬಿಡುತ್ತಾರೆ. ಆಯಿ ಆ ವರ್ಷ ಮಾತನ್ನೇ ಬಿಡಲು ನಿಶ್ಚಯಿಸಿದ್ದರು. ಗೋಡೆ ಹೇಗಿರಬೇಕು ಎಂದು ಕೇಳಿದೆ. ನಾಳೆ ತೋರಿಸುತ್ತೇನೆ ಎಂದರು.

ಮರುದಿನ ಬೆಳಗಾಗುವ ಹೊತ್ತಿಗೆ ನದಿಗೆ ಕರೆದುಕೊಂಡು ಹೋದರು. ಬೇಸಿಗೆಯ ಕೃಷ್ಣೆ, ಗಾಳಿ ಇರಲಿಲ್ಲ. ಸೂರ್ಯ ಮೂಡಿರಲಿಲ್ಲ. ನೀರು ಯಾವ ಬಣ್ಣವೋ ಆಕಾಶವೂ ಅದೇ ಬಣ್ಣ. ಬೂದಿಯೆಂದರೆ ಬೂದಿ, ನೀಲಿಯೆಂದರೆ ನೀಲಿ, ಒಳಗೆಲ್ಲೋ ತುಸು ಗುಲಾಬಿ. ಆಚೆ ದಡದ ಕಬ್ಬಿನ ಸಾಲು ಯಾವುದಕ್ಕೂ ಅಂಟಿಕೊಳ್ಳದೆ ನಡುವೆ ತೇಲುತ್ತಿತ್ತು. ನನಗೆ ನಿಂತ ನೆಲವೇ ಹಗುರವಾದಂತಾಯಿತು.

“ನೀರ ಎಲ್ಲಿ ಮುಗಿತೈತಿ, ಮುಗಿಲ ಎಲ್ಲಿ ಹತ್ತತೈತಿ, ಹೇಳ ನೋಡೂಣು?”

“ತಿಳಿವಲ್ದರಿ, ಆಯಿ.”

“ಹಾಂ, ಅದ ಬೇಕು ನನಗ,” ಎಂದರು. ವಾಪಸು ಬರುವಾಗ ಒಂದೇ ಕರಾರು ಹಾಕಿದರು. “ಜೀವ ಕಳಕೊಂಡ ಬಂದದ್ದು ಯಾವದೂ ನನ್ನ ಖೋಲ್ಯಾಗ ಬರಬಾರದು.”

ಇಷ್ಟೇ ತಾನೇ ಎಂದುಕೊಂಡೆ. ಆ ಕೋಣೆಗೆ ಯೋಚಿಸಿದ್ದ ರೇಷ್ಮೆಯ ಪರದೆ ತೆಗೆದು ಕೈಮಗ್ಗದ ಹತ್ತಿ ಬಟ್ಟೆ ಹಾಕಿದೆ. ಕಿಟಕಿಯ ಬಳಿ ಇಡಲೆಂದು ಅಥಣಿಯಲ್ಲಿ ಮಾಡಿಸಿದ್ದ ತೊಗಲಿನ ಹೊದಿಕೆಯ ಪೀಠವನ್ನು ಅಂಗಡಿಯಲ್ಲೇ ಎತ್ತಿಟ್ಟೆ. ಕಪಾಟಿಗೆ ಅರಗಿನ ಪಾಲಿಶ್ ಕೂಡ ಬೇಡವೆಂದೆ. ಅರಗು ಒಂದು ಹುಳುವಿನಿಂದ ಬರುತ್ತದೆ ಎಂದಾಗ ಭೂಪಾಲಣ್ಣ ಬಾಯಿಬಿಟ್ಟು ನೋಡಿದ. ಅಗಸೆ ಎಣ್ಣೆ ತಿಕ್ಕಿಸಿದೆ. ಅಂದು ನನ್ನ ಎದೆ ಎರಡು ಇಂಚು ಉಬ್ಬಿದ್ದು ನಿಜ.

ಮೇ ತಿಂಗಳಲ್ಲಿ ಕೆಲಸ ಹಿಡಿದೆವು. ನನ್ನ ಜೊತೆಗೆ ಅಕ್ಕೋಳದ ಮಾರುತಿ. ನನಗಿಂತ ಹದಿನೈದು ವರ್ಷ ದೊಡ್ಡವನು, ಗಿಲಾವಿನ ಕೆಲಸದಲ್ಲಿ ಪಳಗಿದ ಕೈ. ಕೋಣೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಆಯಿಲ್ ಪೇಂಟ್ ಕೆರೆದು ತೆಗೆದು, ಸುಣ್ಣಕ್ಕೆ ಕಬ್ಬಿನ ಸಿಪ್ಪೆಯ ನಾರು ಕಲಸಿ ಹೊಸ ಗಿಲಾವು ಮಾಡಿ, ಹಸಿಯಿದ್ದಾಗಲೇ ಅಂಗೈಯಿಂದ ಉದ್ದುದ್ದ ಸವರಿದೆವು. ಅದು ಒಣಗಿದ ಮೇಲೆ ನನ್ನ ಡಿಸ್ಟೆಂಪರ್. ಡಿಸ್ಟೆಂಪರ್ ಎಂದರೆ ಸೀಮೆಸುಣ್ಣದ ಪುಡಿ, ಬಣ್ಣ, ನೀರು, ಮತ್ತು ಇವನ್ನು ಗೋಡೆಗೆ ಹಿಡಿದಿಡುವ ಒಂದು ಅಂಟು. ಅಂಟನ್ನು ಅಂಗಡಿಯಲ್ಲೇ ಕುದಿಸಿ ಡಬ್ಬಿಯಲ್ಲಿ ತರುತ್ತಿದ್ದೆ. ಹತ್ತು ಕಿಲೋ ಪುಡಿಗೆ ಅರ್ಧ ಕಿಲೋ, ಕೈಗೇ ಗೊತ್ತಿದ್ದ ಲೆಕ್ಕ.

ನಾನು ಬಣ್ಣವನ್ನು ಪ್ರತಿಸಲ ತೆಳು ಬಟ್ಟೆಯಲ್ಲಿ ಸೋಸುತ್ತಿದ್ದೆ, ಗಂಟು ಉಳಿಯಬಾರದೆಂದು. ನೀರಿನ ಸಣ್ಣ ಜೀವಗಳಿಗಾಗಿ ಸೋಸುತ್ತಿದ್ದೇನೆ ಎಂದು ಆಯಿ ತಿಳಿದು ತುಂಬ ಮೆಚ್ಚಿದರು. ನಾನು ತಿದ್ದಲಿಲ್ಲ.

ಏಳು ಲೇಪ ಕೊಟ್ಟೆ. ಒಂದೊಂದೂ ಹಾಲಿನ ಕೆನೆಗಿಂತ ತೆಳು. ಒಂದರಲ್ಲಿ ಚಿಟಿಕೆ ನೀಲಿ, ಒಂದರಲ್ಲಿ ಕೆಮ್ಮಣ್ಣು, ಒಂದರಲ್ಲಿ ಬರೀ ಬಿಳಿ. ಜೂನ್ ಕೊನೆಯ ವಾರ ಏಳನೆಯದು ಒಣಗಿತು. ಬೆಳಿಗ್ಗೆ ಕಿಟಕಿ ತೆರೆದಾಗ ನಾಲ್ಕು ಗೋಡೆಗಳೂ ಹಿಂದೆ ಸರಿದು ಹೋದವು, ಸುಳ್ಳಲ್ಲ. ಎಲ್ಲಿ ಕೆಳಗು, ಎಲ್ಲಿ ಮೇಲು ಎಂದು ತಿಳಿಯಲಿಲ್ಲ. ಒಳಗೆ ಬಂದವರು ತಮಗೆ ಅರಿವಿಲ್ಲದೆ ದನಿ ತಗ್ಗಿಸುತ್ತಿದ್ದರು. ಮಾರುತಿ ಬ್ರಷ್ ತೊಳೆಯುವುದನ್ನೂ ಮರೆತು ನೆಲದ ಮೇಲೆ ಕುಳಿತುಬಿಟ್ಟ. ಭೂಪಾಲಣ್ಣ ಮಾತ್ರ ಸುತ್ತ ನೋಡಿ, “ಮುಗದೈತೇನ್ರಿ ಮಾಸ್ತರ, ಇನ್ನ ಬಣ್ಣಾ ಹಚ್ಚೂದೈತಿ?” ಎಂದ. ಆಯಿ ಗೋಡೆಯ ಮುಂದೆ ಚಾಪೆ ಹಾಸಿಕೊಂಡು ಕೂತರು. ಊಟಕ್ಕೆ ಕರೆದರೂ ಅರ್ಧ ತಾಸು ಏಳಲಿಲ್ಲ. ನನ್ನ ಜೀವಮಾನದಲ್ಲಿ ಅಂಥ ಕೆಲಸ ಅದಕ್ಕೂ ಮೊದಲು ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಜುಲೈ ಮೊದಲ ವಾರ. ಚತುರ್ದಶಿಗೆ ಏಳು ದಿನವಿತ್ತು. ಎತ್ತಿಟ್ಟಿದ್ದ ಪೀಠವನ್ನು ಹಿಂತಿರುಗಿಸಲು ಅಥಣಿಗೆ ಹೋದೆ. ಪೀಠ ಮಾಡಿದವನು ಮಾತಾಡುತ್ತ ಹಸಿ ತೊಗಲಿನ ಅಂಚುಗಳನ್ನು ಕತ್ತರಿಸಿ ಮೂಲೆಗೆ ಎಸೆಯುತ್ತಿದ್ದ. ಆಗಲೇ ದೊಡ್ಡ ರಾಶಿಯಾಗಿತ್ತು. ಮಾತಿಗೆ ಮಾತು ಎಂದು, ಇದನ್ನೆಲ್ಲ ಏನು ಮಾಡುತ್ತೀ ಎಂದೆ.

“ಸರೇಸು ಮಾಡವ್ರು ಒಯ್ತಾರ್ರಿ. ಕುದಿಸಿ ಕುದಿಸಿ ಅಂಟ ತಗೀತಾರ,” ಎಂದ.

ಚಹದ ಕಪ್ಪನ್ನು ಕೆಳಗಿಟ್ಟೆ. ಆಯಿಯ ಗೋಡೆಯ ಏಳೂ ಲೇಪಗಳಲ್ಲಿ ನಾನು ಹಾಕಿದ್ದು ಸರೇಸು. ಎಲುಬು, ತೊಗಲು ಬೇಯಿಸಿ ತೆಗೆದ ಅಂಟು. ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಕಲಿಯುವಾಗಲೇ ನನ್ನ ಗುರುಗಳು ಹೇಳಿದ್ದರು. ಆದರೆ ದಿನಾ ಕುದಿಸುತ್ತ ಕುದಿಸುತ್ತ ನನ್ನ ಪಾಲಿಗೆ ಅದು ಡಬ್ಬಿಯೊಳಗಿನ ಅಂಟಾಗಿ ಉಳಿದಿತ್ತು. ಕಣ್ಣಿಗೆ ಬೀಳುವ ಪೀಠವನ್ನು ಹೊರಗಿಟ್ಟು, ಕಣ್ಣಿಗೆ ಬೀಳದ್ದನ್ನು ನಾಲ್ಕು ಗೋಡೆಗೂ ಬಳಿದಿದ್ದೆ.

ನಿಪ್ಪಾಣಿಗೆ ಬಂದು ಮಾರುತಿಗೆ ಹೇಳಿದೆ. ಅವನು ಬಹಳ ಹೊತ್ತು ಬೀಡಿ ಎಳೆದ.

“ಮಾಸ್ತರ, ಗ್ವಾಡಿ ಅಂತೂ ಬಾಯಿ ಬಿಡೂದಿಲ್ಲ,” ಎಂದ. “ನೀವೂ ಬಿಡಬ್ಯಾಡ್ರಿ.”

ಆ ಮಾತು ನನಗೆ ಬೇಕಾಗಿತ್ತು. ಇಂದು ನಾಚಿಕೆಯಿಲ್ಲದೆ ಹೇಳುತ್ತೇನೆ: ಹೆಸರು ಕೆಡುತ್ತದೆ ಎಂಬ ಹೆದರಿಕೆಗಿಂತ ಆ ಗೋಡೆಯ ಮೇಲಿನ ಮೋಹವೇ ದೊಡ್ಡದಾಗಿತ್ತು. ಆಯಿಗೆ ಹೇಳಿದರೆ ಅದನ್ನು ಅಳಿಸಬೇಕು. ಹೇಳದಿದ್ದರೆ ಅದು ಉಳಿಯುತ್ತದೆ, ಆಯಿಯೂ ಸಂತೋಷವಾಗಿರುತ್ತಾರೆ. ಒಂದಿಡೀ ದಿನ ಹೀಗೇ ನನಗೆ ನಾನೇ ವಕೀಲನಾದೆ. ಆದರೆ ಕಣ್ಣು ಮುಚ್ಚಿದರೆ ಬಣ್ಣ ಸೋಸುವ ನನ್ನನ್ನು ಮೆಚ್ಚಿ ನೋಡುತ್ತಿದ್ದ ಆ ಮುಖವೇ ಬರುತ್ತಿತ್ತು. ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ.

ಆಯಿ ಅದೇ ಚಾಪೆಯ ಮೇಲಿದ್ದರು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವರು ಗೋಡೆಯ ಕಡೆಗೆ ಚಾಚಿದ್ದ ಕಾಲನ್ನು ಮೆಲ್ಲಗೆ ಒಳಗೆ ಎಳೆದುಕೊಂಡರು.

“ನೀ ಹೇಳದಿದ್ರ ನನಗ ತಿಳೀತಿತ್ತೇನು?”

“ಇಲ್ಲರಿ, ಆಯಿ.”

ಆಯಿಯ ಕಣ್ಣು ಒದ್ದೆಯಾಗಿತ್ತು. “ನನ್ನ ಮನಸ ಭಾಳ ಹತ್ತಿಬಿಟ್ಟಿತ್ತೋ ಇದಕ್ಕ,” ಎಂದರು. ಆಮೇಲೆ ಎದ್ದು ಚಾಪೆ ಸುತ್ತಿದರು. “ತೊಳಿ. ತೊಳದ ನೀರ ಗಟಾರಕ್ಕ ಚೆಲ್ಲಬ್ಯಾಡ. ಯಾವ ಜೀವದ್ದೋ ಏನೋ, ಹೊಲದಾಗ ಕುಣಿ ತೋಡಿ ಮಣ್ಣ ಮಾಡು.”

ಸರೇಸಿನ ಬಣ್ಣಕ್ಕೆ ಬಿಸಿನೀರೇ ಶತ್ರು. ಬಟ್ಟೆ ಅದ್ದಿ ಒತ್ತಿದರೆ ಸಾಕು, ಬಿಟ್ಟುಕೊಡುತ್ತದೆ. ಬೇರೆ ಯಾರೂ ಮುಟ್ಟದಂತೆ ನಾನೇ ತೊಳೆದೆ. ನೀಲಿ, ಗುಲಾಬಿ, ಬೂದಿ ಎಲ್ಲ ಗೆರೆಗೆರೆಯಾಗಿ ಇಳಿದು ಬಕೆಟ್ಟಿನಲ್ಲಿ ಕೂಡಿಕೊಂಡವು. ಎರಡು ದಿನ ಬೇಕಾಯಿತು. ಹನ್ನೊಂದು ಬಕೆಟ್ ನೀರನ್ನು ಕಬ್ಬಿನ ಹೊಲದ ಬದುವಿನಲ್ಲಿ ಕುಣಿ ತೋಡಿ ಸುರಿದು ಮಣ್ಣು ಮುಚ್ಚಿದೆವು. ಭೂಪಾಲಣ್ಣ ಆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಇನ್ನು ಉಳಿದದ್ದು ಮೂರೇ ದಿನ, ಹೊರಗೆ ಮಳೆ. ಅಂಟು ಬೇಡದ ಬಣ್ಣ ಎಂದರೆ ಸುಣ್ಣ ಒಂದೇ, ಅದು ಗಾಳಿಗೆ ತಾನಾಗಿ ಗಟ್ಟಿಯಾಗುತ್ತದೆ. ರಾಯಬಾಗದ ಕಡೆಯ ಭಟ್ಟಿಗೆ ಹೋಗಿ, ಇದು ಕಲ್ಲು ಸುಟ್ಟದ್ದೋ ಚಿಪ್ಪು ಸುಟ್ಟದ್ದೋ ಎಂದು ಮೂರು ಸಲ ಕೇಳಿದೆ. “ಮಾಸ್ತರ್ಗ ಒಮ್ಮಿ ಬಿಸಿ ಮುಟ್ಟೈತಿ, ಈಗ ಮಜ್ಜಗಿನೂ ಊದಿ ಕುಡೀತಾರ,” ಎಂದು ಮಾರುತಿ ಭಟ್ಟಿಯವನಿಗೆ ಹೇಳಿದ. ಕಲ್ಲಿನ ಸುಣ್ಣ. ಅದಕ್ಕೆ ತುಸು ನೀಲಿ, ತುಸು ಕೆಮ್ಮಣ್ಣು. ಆ ತಂಪಿನಲ್ಲಿ ಎರಡು ಲೇಪಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಒಂದು ಕಡೆ ಕಪ್ಪಿಟ್ಟು, ಒಂದು ಕಡೆ ಕಲೆಕಲೆಯಾಗಿ, ಅಂಗೈ ಸವರಿದ ಗುರುತೆಲ್ಲ ಎದ್ದು ಕಂಡಿತು. ಚತುರ್ದಶಿಯ ಹಿಂದಿನ ಸಂಜೆ ಆಯಿಯ ಮುಂದೆ ಕೈಮುಗಿದು, ಇಷ್ಟೇ ಆದದ್ದು ಎಂದೆ. ಅವರು ಗೋಡೆ ನೋಡಿದರು. “ಇರ್ಲಿ ಬಿಡು,” ಎಂದರು. ಮೌನಕ್ಕೆ ಮೊದಲು ಅವರಿಂದ ನಾನು ಕೇಳಿದ ಕೊನೆಯ ಮಾತು ಅದು.

ಆ ನಾಲ್ಕು ತಿಂಗಳು ಬೇರೆ ಮನೆಗಳಲ್ಲಿ ಕೆಲಸ ಮಾಡಿದೆ. ಮನಸ್ಸು ಮಾತ್ರ ಉಗಾರದಲ್ಲೇ ಇತ್ತು. ಕೆಟ್ಟ ಗೋಡೆಯೊಂದರ ಮುಂದೆ ಮಾತಿಲ್ಲದೆ ಕುಳಿತ ಆ ಮುದುಕಿಯನ್ನು ನೆನೆದು, ಬಳಿಯುತ್ತಿದ್ದ ಬ್ರಷ್ಷನ್ನು ಕೆಳಗಿಡುತ್ತಿದ್ದೆ.

ನವೆಂಬರಿನಲ್ಲಿ ಕರೆ ಬಂತು. ಹೋದಾಗ ಆಯಿ ವ್ರತ ಮುಗಿಸಿ ಬಸದಿಗೆ ಹೋಗಿ ಬಂದು ಕುಳಿತಿದ್ದರು. ಇನ್ನಷ್ಟು ಸೊರಗಿದ್ದರು, ದನಿ ಕೀರಲಾಗಿತ್ತು. ಕೋಣೆಯೊಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಗೋಡೆ ನಾನು ಬಿಟ್ಟುಹೋದಂತಿರಲಿಲ್ಲ. ಸುಣ್ಣ ಒಳಗಿಂದೊಳಗೆ ಬಲಿತು ಬೆಳ್ಳಗಾಗಿತ್ತು, ಕಲೆಗಳು ಒಂದರೊಳಗೊಂದು ಕರಗಿದ್ದವು.

“ಬಾ, ಕೂಡು,” ಎಂದರು ಆಯಿ. “ನಿನ್ನ ಮೊದಲಿನ ಗ್ವಾಡಿ ಭಾಳ ಚಂದಿತ್ತು. ಇದು ಅಷ್ಟ ಚಂದಿಲ್ಲ. ಖರೆ ಹೇಳ್ತೀನಿ.”

ತಲೆ ತಗ್ಗಿಸಿದೆ.

“ಆದ್ರ ಇದು ದಿನಾ ಒಂದೊಂದ ನಮೂನಿ ಇರ್ತಿತ್ತಪಾ. ಮಳಿ ಬರೂ ಮುಂದ ಕಪ್ಪಾಗೂದು, ಬಿಸಲ ಬಿತ್ತಂದ್ರ ಬೆಳ್ಳಗಾಗೂದು. ಮುಂಜಾನೆದ್ದ ಕೂಡ್ಲೆ ಮೊದಲ ಇದರ ಮಾರಿ ನೋಡಾಕಿ. ಹೊಳಿ ಇವತ್ತ ಹೆಂಗೈತಿ ಅಂತ ಇದರಾಗ ತಿಳೀತಿತ್ತು.”

ಸುಣ್ಣ ತೇವ ಹೀರಿದಾಗ ಕಪ್ಪಾಗುತ್ತದೆ, ಒಣಗಿದಾಗ ಬಿಳುಪಾಗುತ್ತದೆ. ಇದು ಗೋಡೆಯ ಕೆಲಸದವರಿಗೆಲ್ಲ ಗೊತ್ತಿರುವ ದೋಷ. ನಾನು ಅದನ್ನು ಮುಚ್ಚುವುದನ್ನೇ ಕಲಿತಿದ್ದೆ. ನಾನು ಮಾಡಿದ್ದ ಏಳು ಲೇಪದ ಗೋಡೆಯಲ್ಲಿ ಒಂದು ಬೆಳಗು ಇತ್ತು, ಯಾವಾಗಲೂ ಅದೇ ಬೆಳಗು. ಇದರಲ್ಲಿ ನಾಲ್ಕು ತಿಂಗಳೂ ಇದ್ದವು.

ಆಮೇಲೆ ಇಪ್ಪತ್ತೆರಡು ವರ್ಷ ಆ ಉದ್ಯೋಗ ಮಾಡಿದೆ. ಸರೇಸು ಬಿಟ್ಟುಬಿಟ್ಟೆ ಎಂದು ಹೇಳಿದರೆ ದೊಡ್ಡವನಾಗುತ್ತೇನೆ, ಆದರೆ ಬಿಡಲಿಲ್ಲ. ಬಳಸುವ ಮೊದಲು ಅದು ಎಲ್ಲಿಂದ ಬಂದದ್ದು ಎಂದು ಮನೆಯವರಿಗೆ ಹೇಳುವುದನ್ನು ಕಲಿತೆ. ಕೈ ಪಳಗಿದಷ್ಟೂ ಕೈಯಲ್ಲಿರುವುದು ಏನೆಂಬುದು ಮರೆಯುತ್ತದೆ. ಪ್ರತಿ ಮನೆಯಲ್ಲೂ ಒಮ್ಮೆ ಹೊಸಬನಂತೆ ಕೇಳಿಕೊಳ್ಳಬೇಕು. ಆ ಕೋಣೆ ನನಗೆ ಕಲಿಸಿದ್ದು ಇಷ್ಟು.

ಅಂದು ಹೊರಡುವಾಗ, ಈಗ ಸಾಕಷ್ಟು ಸಮಯವಿದೆ, ಜಾಲಿ ಮರದ ಅಂಟು ಹಾಕಿ ಮೊದಲಿನಂಥದೇ ಗೋಡೆ ಮಾಡಿಕೊಡುತ್ತೇನೆ ಎಂದೆ. ಆಯಿ ಗೋಡೆಯ ಮೇಲೆ ಅಂಗೈ ಇಟ್ಟರು, ಮೊಮ್ಮಗಳ ಬೆನ್ನ ಮೇಲೆ ಇಟ್ಟ ಹಾಗೆ.

“ಬ್ಯಾಡ ತಮ್ಮಾ,” ಎಂದರು. “ಮುಂದಿನ ಮಳಿಗಾಲಕ್ಕ ಇದರ ಕೂಡ ಇನ್ನ ಮಾತ ಉಳದಾವ.”